ಸೂರಿನ ದೋಣಿ ಕಟ್ಟಿಕೊಂಡರೆ ಬುನಾದಿಗೆ ಪೆಟ್ಟು

ಹುಬ್ಬಳ್ಳಿ, ವಿಜಯಪುರ ಕಡೆಯ ನಮ್ಮ ಮಾತಿನಲ್ಲಿ ಗಟಾರ ಎಂದರೆ ಬೀದಿ ಬದಿಯ ಚರಂಡಿ. ಆಸ್ಟ್ರೇಲಿಯಾದಲ್ಲಿ ಗಟರ್ ಎಂದರೆ ಮನೆಯ ಸೂರಿನ ಅಂಚಿಗೆ ಉದ್ದಕ್ಕೂ ಕೂಡಿಸಿದ ತಗಡಿನ ದೋಣಿ. ಚಾವಣಿಯ ಮೇಲೆ ಬಿದ್ದ ಮಳೆನೀರನ್ನೆಲ್ಲ ಹಿಡಿದು ಪೈಪಿಗೆ ಇಳಿಸುವುದು ಅದರ ಕೆಲಸ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಹಳಬರು ಅದನ್ನು ಸ್ಪೌಟಿಂಗ್ ಎಂದೂ ಕರೆಯುತ್ತಾರೆ. ಮಗ ಫೋನಿನಲ್ಲಿ ‘ಮನೆ ಗಟರ್ ತುಂಬಿದೆ, ಶನಿವಾರ ಜನ ಕರೆಸಬೇಕು’ ಎಂದರೆ, ಊರಲ್ಲಿರುವ ತಂದೆಯವರು ‘ಕಾರ್ಪೊರೇಷನ್‌ನವರಿಗೆ ಹೇಳಪಾ, ನಿನಗ್ಯಾಕ ಅದರ ಉಸಾಬರಿ’ ಎನ್ನುವುದು ನಮ್ಮ ಗೆಳೆಯರ ಮನೆಗಳಲ್ಲಿ ಹಳೆಯ ನಗೆಮಾತು. ನಕ್ಕಾದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಎಲೆ ತೆಗೆಯುವುದಕ್ಕೆ ಅಷ್ಟು ಡಾಲರ್ ಯಾಕೆ? ನಾವು ಬಂದಾಗ ಏಣಿ ಹತ್ತಿ ತೆಗೆದರಾಯಿತಲ್ಲ?

ನಾವು ಲೆಕ್ಕಪತ್ರ ನೋಡಿ ಬದುಕುವವರು, ಪ್ಲಂಬರ್‌ಗಳಲ್ಲ. ಆದರೂ ಇಲ್ಲಿ ಮನೆ ಮಾಡಿಕೊಂಡ ಮೇಲೆ ಒಂದು ಮಾತು ಖಚಿತವಾಗಿದೆ. ಮನೆಯ ಖರ್ಚಿನ ಪಟ್ಟಿಯಲ್ಲಿ ಇಷ್ಟು ಸಣ್ಣ ಬಾಬ್ತು, ಕಡೆಗಣಿಸಿದರೆ ಇಷ್ಟು ದೊಡ್ಡದಾಗಿ ಬೆಳೆಯುವುದು, ಇನ್ನೊಂದು ಇಲ್ಲ. ಇಲ್ಲಿಯ ಮನೆ ಎಂದರೆ ಹೆಚ್ಚಿನವರಿಗೆ 25–30 ವರ್ಷದ ಸಾಲ. ಮುಂಗಡ ಹೊಂದಿಸಲು ಊರಲ್ಲಿ ಸೈಟು ಮಾರಿದವರಿದ್ದಾರೆ, ಅಪ್ಪನ ನಿವೃತ್ತಿ ಹಣದಲ್ಲಿ ಪಾಲು ತಂದವರಿದ್ದಾರೆ. ಹಾಗಾಗಿ ಈ ದೋಣಿಯ ವಿಚಾರ ಊರಲ್ಲಿ ಕೂತವರ ವಿಚಾರವೂ ಹೌದು.

ಮೊದಲು ಮಳೆಯ ಲೆಕ್ಕ. ಮೆಲ್ಬರ್ನ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 650 ಮಿ.ಮೀ. ಮಳೆ, ಬೆಂಗಳೂರಿಗಿಂತ ಕಡಿಮೆ. ಆಗುಂಬೆಯವರಿಗೆ ಹೇಳಿದರೆ ನಕ್ಕಾರು. ನಮ್ಮವರು ಅನೇಕರು ಮನೆ ಕೊಂಡಿರುವ ಪಶ್ಚಿಮದ ಬಡಾವಣೆಗಳಲ್ಲಿ, ಅಂದರೆ ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್, ವೆರಿಬಿ ಕಡೆ, ಅದಕ್ಕಿಂತಲೂ ಕಡಿಮೆ. ಆದರೆ ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. 200 ಚದರ ಮೀಟರ್ ಚಾವಣಿಯ ಮೇಲೆ ಒಂದು ಸಂಜೆ 20 ಮಿ.ಮೀ. ಸುರಿಯಿತೆನ್ನಿ, 4,000 ಲೀಟರ್ ಆಯಿತು. ಬೆಂಗಳೂರಿನಲ್ಲಿ ಮನೆ ಮುಂದೆ ಬಂದು ನಿಲ್ಲುವ ಸಣ್ಣ ಟ್ಯಾಂಕರ್‌ನಷ್ಟು ನೀರು. ಅದನ್ನು ಇಳಿಸಲು ಮನೆಗೆ ನಾಲ್ಕು ಪೈಪ್‌ಗಳಿದ್ದು ಒಂದರ ಬಾಯಿ ಎಲೆಯಿಂದ ಕಟ್ಟಿಕೊಂಡರೆ, ಸುಮಾರು ಸಾವಿರ ಲೀಟರ್ ನೀರು ತನ್ನ ದಾರಿ ತಾನೇ ಹುಡುಕಿಕೊಳ್ಳಬೇಕು.

ಇಲ್ಲಿಯ ಕಟ್ಟಡ ನಿಯಮ ಇದನ್ನೆಲ್ಲ ಲೆಕ್ಕ ಹಾಕಿದೆ. ವರ್ಷದ ಒಟ್ಟು ಮಳೆ ಎಷ್ಟೆಂದು ಅದು ಕೇಳುವುದಿಲ್ಲ. ಇಪ್ಪತ್ತು ವರ್ಷಕ್ಕೊಮ್ಮೆ ಬರಬಹುದಾದ ಜೋರು ಮಳೆ ಐದು ನಿಮಿಷದಲ್ಲಿ ಎಷ್ಟು ಸುರಿದೀತು ಎಂದು ನೋಡಿ ದೋಣಿಯ ಅಳತೆ ಹೇಳುತ್ತದೆ. ದೋಣಿಗೆ ಕನಿಷ್ಠ 500ಕ್ಕೆ 1ರಷ್ಟು ಇಳಿಜಾರು, ಅಂದರೆ 10 ಮೀಟರ್ ಉದ್ದಕ್ಕೆ 20 ಮಿ.ಮೀ. ಇಳಿತ. ಹೆಚ್ಚೆಂದರೆ 1.2 ಮೀಟರ್‌ಗೊಂದು ಬ್ರಾಕೆಟ್. ನೀರಿಳಿಸುವ ಒಂದು ಪೈಪ್, ಇಲ್ಲಿಯವರ ಮಾತಿನಲ್ಲಿ ಡೌನ್‌ಪೈಪ್, 12 ಮೀಟರ್‌ಗಿಂತ ಹೆಚ್ಚು ಉದ್ದದ ದೋಣಿಯ ನೀರನ್ನು ಹೊರಬಾರದು. ಇಪ್ಪತ್ತು ಮಿ.ಮೀ. ಇಳಿತವೆಂದರೆ ಹೆಬ್ಬೆರಳಿನ ಅಗಲ, ಅಷ್ಟೇ. ಒಂದು ಬ್ರಾಕೆಟ್ ಜಗ್ಗಿದರೂ ಆ ಇಳಿಜಾರು ಉಲ್ಟಾ ಆಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಮಲೆನಾಡಿನ ಹಂಚಿನ ಮನೆಗಳಿಗೆ ಇಷ್ಟೆಲ್ಲ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಸೂರು ಅಗಲ, ನೀರು ಗೋಡೆಯಿಂದ ದೂರ ಅಂಗಳಕ್ಕೆ ಬೀಳುತ್ತದೆ, ಅಂಗಳದಿಂದ ತೋಟಕ್ಕೆ ಹರಿಯುತ್ತದೆ. ಇಲ್ಲಿಯ ಬಡಾವಣೆ ಮನೆಯ ಸೂರು ಮೊಳದಷ್ಟು ಚಾಚಿದ್ದರೆ ಹೆಚ್ಚು. ಹೊರಗೆ ಕಾಣುವುದು ಒಂದೇ ಸಾಲು ಇಟ್ಟಿಗೆ. ಅದರ ಹಿಂದೆ ಮನೆಯನ್ನು ಹೊತ್ತಿರುವುದು ಮರದ ಚೌಕಟ್ಟು, ಅದಕ್ಕೆ ಒಳಗಿನಿಂದ ಜಿಪ್ಸಮ್ ಹಲಗೆ. ನೀರು ಹೊರಗೆ ಚೆಲ್ಲಿದರೆ ಬುನಾದಿಯ ಪಕ್ಕ ಇಂಗುತ್ತದೆ. ಹಿಂದಕ್ಕೆ ಉಕ್ಕಿದರೆ ಸೂರಿನೊಳಗೆ ಸೇರಿ ಮರ ಕೊಳೆಸುತ್ತದೆ, ಹಲಗೆ ಮೆತ್ತಗಾಗಿಸುತ್ತದೆ.

ಎರೆ ಭೂಮಿಯ ಪಾಠ

ಉತ್ತರ ಕರ್ನಾಟಕದವರಿಗೆ ಮೆಲ್ಬರ್ನ್‌ನ ಪಶ್ಚಿಮ ಭಾಗದ ಮಣ್ಣು ಹೊಸದೇನಲ್ಲ. ಅಲ್ಲಿಂದ ಶುರುವಾಗಿ ರಾಜ್ಯದ ಪಶ್ಚಿಮಕ್ಕೆ ಹಬ್ಬಿರುವುದು ಜ್ವಾಲಾಮುಖಿಯ ಬಸಾಲ್ಟ್ ಬಯಲು. ಆ ಕಪ್ಪು ಕಲ್ಲು ಸವೆದು ಆದ ಜೇಡಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ವಿಜಯಪುರ, ಕಲಬುರಗಿ ಕಡೆಯ ಎರೆ ಭೂಮಿ ಹುಟ್ಟಿದ್ದೂ ಅಂಥದೇ ಕಲ್ಲಿನಿಂದ. ಬೇಸಗೆಯಲ್ಲಿ ಎರೆ ಹೊಲ ಕೈ ಇಳಿಯುವಷ್ಟು ಬಾಯಿ ಬಿಡುವುದನ್ನು, ಎರೆಯ ಮೇಲೆ ಕಟ್ಟಿದ ಮನೆಯ ಗೋಡೆ ಸೀಳುವುದನ್ನು ನಾವೆಲ್ಲ ನೋಡಿಯೇ ಬೆಳೆದವರು. ಇಲ್ಲಿ ಮನೆ ಕಟ್ಟುವ ಮೊದಲು ಮಣ್ಣಿಗೂ ದರ್ಜೆ ಬರೆಯುತ್ತಾರೆ: ಎಸ್ ಎಂದರೆ ಕಡಿಮೆ ಉಬ್ಬುವುದು, ಎಂ ಎಂದರೆ ಮಧ್ಯಮ, ಎಚ್1, ಎಚ್2 ಎಂದರೆ ಹೆಚ್ಚು, ಇ ಎಂದರೆ ಅತಿ ಹೆಚ್ಚು. ಮನೆ ಕೊಂಡ ಕಾಗದಗಳ ಜತೆ ಮಣ್ಣಿನ ವರದಿ ಇದ್ದರೆ ಆ ಅಕ್ಷರ ಯಾವುದೆಂದು ಒಮ್ಮೆ ನೋಡಿಡುವುದು ಒಳ್ಳೆಯದು.

ಮನೆಯ ಸುತ್ತ ಎಲ್ಲ ಕಡೆ ಒಂದೇ ಸಮನಾಗಿ ನೆಲ ಉಬ್ಬಿದರೆ ಅಷ್ಟು ಅಪಾಯವಿಲ್ಲ. ಕಾಂಕ್ರೀಟ್ ಹಾಸು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ. ಒಂದು ಮೂಲೆ ಮಾತ್ರ ಸದಾ ಒದ್ದೆ, ಉಳಿದ ಮೂರು ಒಣ ಎಂದಾದಾಗಲೇ ಮನೆ ತಿರುಚಿಕೊಳ್ಳುವುದು. ಆ ಒಂದು ಮೂಲೆಯನ್ನು ಒದ್ದೆ ಮಾಡುವ ಕೆಲಸವನ್ನು ಕೆಟ್ಟ ಗಟರ್‌ನಷ್ಟು ಶ್ರದ್ಧೆಯಿಂದ ಬೇರೆ ಯಾವುದೂ ಮಾಡುವುದಿಲ್ಲ.

ನಮ್ಮ ಬಳಗದಲ್ಲಿ ಹಾವೇರಿ ಕಡೆಯ ಒಂದು ಕುಟುಂಬವಿದೆ. ಹದಿನಾಲ್ಕು ವರ್ಷ ಹಳೆಯ ಮನೆ ಕೊಂಡಿದ್ದರು. ಎರಡನೇ ಚಳಿಗಾಲದಲ್ಲಿ ಮಕ್ಕಳ ಕೋಣೆಯ ಬಾಗಿಲು ಚೌಕಟ್ಟಿಗೆ ಉಜ್ಜತೊಡಗಿತು. ಬಡಗಿಯನ್ನು ಕರೆಸಿ ಬಾಗಿಲಿನ ಮೇಲಂಚು ಹೆರೆಸಿದರು. ಮರುವರ್ಷ ಅದೇ ಕೋಣೆಯ ಕಿಟಕಿಯ ಮೂಲೆಯಿಂದ ಹೊರಗೋಡೆಯ ಇಟ್ಟಿಗೆ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿಯಿತು. ಬುನಾದಿ ಎತ್ತಿ ನಿಲ್ಲಿಸುವ ಕೆಲಸದವರು ಬಂದು ನೋಡಿ ಹತ್ತಾರು ಸಾವಿರ ಡಾಲರ್‌ಗಳ ಅಂದಾಜು ಬರೆದುಕೊಟ್ಟರು. ವಿಮೆಯವರು, ಇದು ಬಿರುಗಾಳಿಯಿಂದ ಒಮ್ಮೆಲೇ ಆದ ಹಾನಿಯಲ್ಲ, ದಿನ ಕಳೆದಂತೆ ಆದದ್ದು ಎಂದು ಕೈ ಚೆಲ್ಲಿದರು. ಆ ಮನೆಯಲ್ಲಿ ಒಂದು ತಿಂಗಳು ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಊರಿಗೆ ತಿಳಿಸಲೂ ಇಲ್ಲ.

ಕೊನೆಗೆ, ದುರಸ್ತಿ ಕೆಲಸ ಮಾರುವವರಲ್ಲದ, ಬರೀ ನೋಡಿ ವರದಿ ಕೊಡುವ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಶುಲ್ಕ ಕೊಟ್ಟು ಕರೆಸಿದರು. ಅವರು ಬಿರುಕನ್ನು ಆಮೇಲೆ ನೋಡಿದರು. ಮೊದಲು ನೋಡಿದ್ದು ಆ ಮೂಲೆಯ ಡೌನ್‌ಪೈಪ್‌ನ ಬುಡವನ್ನು. ಸಾಲಾಗಿ ಇಟ್ಟಿದ್ದ ಕರಿಬೇವಿನ ಕುಂಡಗಳ ಹಿಂದೆ, ಪೈಪ್ ನೆಲದೊಳಗಿನ ಮಳೆನೀರಿನ ಕೊಳವೆಯಿಂದ ಎರಡು ಬೆರಳು ಸರಿದು ನಿಂತಿತ್ತು. ಮೇಲೆ ದೋಣಿಯೂ ಅದೇ ಕಡೆಗೆ ಜಗ್ಗಿ, ಬೇರೆ ಪೈಪಿಗೆ ಹೋಗಬೇಕಾದ ನೀರೂ ಅಲ್ಲಿಗೇ ಬರುತ್ತಿತ್ತು. ಎಂಜಿನಿಯರ್ ಹೇಳಿದ್ದು ಇಷ್ಟು: ಮೊದಲು ನೀರು ನಿಲ್ಲಿಸಿ, ಪೈಪ್ ಜೋಡಿಸಿ, ದೋಣಿ ಎತ್ತಿ ಕಟ್ಟಿಸಿ, ಆಮೇಲೆ ಒಂದು ಬೇಸಗೆ, ಒಂದು ಮಳೆಗಾಲ ಸುಮ್ಮನೆ ಬಿರುಕನ್ನು ಅಳೆಯುತ್ತಿರಿ. ಮಣ್ಣು ಒಣಗುತ್ತಾ ಬಂದಂತೆ ಬಿರುಕು ಕಿರಿದಾಯಿತು. ಬುನಾದಿ ಎತ್ತುವ ಮಾತೇ ಮತ್ತೆ ಬರಲಿಲ್ಲ. ಇಟ್ಟಿಗೆ ಸಂದು ತುಂಬಿಸಿ, ಒಳಗೆ ಬಣ್ಣ ಹೊಡೆಸಿದ್ದರಲ್ಲಿ ಮುಗಿಯಿತು. ಹೆರೆದಿದ್ದ ಬಾಗಿಲಿನ ಮೇಲೆ ಮಾತ್ರ ಈಗ ಸಂದು ಕಾಣುತ್ತದೆ.

ಎಲ್ಲರ ಕಥೆ ಇಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಆದರೆ ಕ್ರಮ ಇದೇ. ಇಲ್ಲಿಯ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಮನೆಯವರಿಗಾಗಿಯೇ ಬುನಾದಿ ನಿರ್ವಹಣೆಯ ಒಂದು ಕೈಪಿಡಿ ತಂದಿದೆ. ಗೋಡೆಯ ಸುತ್ತಲಿನ ಮಣ್ಣಿನ ತೇವ ವರ್ಷವಿಡೀ ಆದಷ್ಟು ಒಂದೇ ಹದದಲ್ಲಿರಲಿ ಎಂಬುದೇ ಅದರ ತಿರುಳು.

ಕೊಡೆ ಹಿಡಿದು ಪ್ರದಕ್ಷಿಣೆ

ಗಟರ್ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಏಣಿ ಬೇಡ. ಮಿಂಚು ಗುಡುಗು ಇಲ್ಲದ ಒಂದು ಮಳೆಯಲ್ಲಿ ಕೊಡೆ ಹಿಡಿದು ಮನೆಗೆ ಒಂದು ಪ್ರದಕ್ಷಿಣೆ ಬನ್ನಿ. ದೋಣಿಯ ಅಂಚಿನಿಂದ ಪರದೆಯಂತೆ ನೀರು ಬೀಳುತ್ತಿದ್ದರೆ ಆ ಭಾಗ ಕಟ್ಟಿದೆ ಅಥವಾ ಜಗ್ಗಿದೆ. ಒಂದೇ ಬಿಂದುವಿನಲ್ಲಿ ತೊಟ್ಟಿಕ್ಕುತ್ತಿದ್ದರೆ ಅಲ್ಲಿ ಜೋಡಣೆ ಬಿಟ್ಟಿದೆ, ಇಲ್ಲವೆ ತುಕ್ಕಿನ ತೂತು. ಡೌನ್‌ಪೈಪ್‌ಗೆ ಕಿವಿ ಕೊಟ್ಟರೆ ನೀರು ಇಳಿಯುವ ಸದ್ದು ಕೇಳಬೇಕು. ಮೇಲೆ ಉಕ್ಕುತ್ತಿದ್ದು ಪೈಪ್ ಮಾತ್ರ ಮೌನವಾಗಿದ್ದರೆ ಅದರ ಬಾಯಿ ಮುಚ್ಚಿದೆ. ಪೈಪಿನ ಬುಡದಲ್ಲಿ ನೀರು ಬುಗ್ಗೆಯಂತೆ ಮೇಲೇಳುತ್ತಿದ್ದರೆ ತೊಂದರೆ ನೆಲದೊಳಗೆ, ಮಣ್ಣು ತುಂಬಿರಬಹುದು ಅಥವಾ ಮರದ ಬೇರು ಹೊಕ್ಕಿರಬಹುದು.

ಕೆಲವು ದೋಣಿಗಳ ಮುಂದಿನ ಅಂಚಿನಲ್ಲಿ ಸಾಲಾಗಿ ಸೀಳುಗಂಡಿಗಳಿರುತ್ತವೆ. ಅವು ಕೆಟ್ಟದ್ದಲ್ಲ. ದೋಣಿ ತುಂಬಿದಾಗ ನೀರು ಒಳಗೆ ಗೋಡೆಯ ಕಡೆಗೆ ಹೋಗದೆ ಹೊರಗೆ ಚೆಲ್ಲಲಿ ಎಂದೇ ಮಾಡಿದ್ದು. ಸೋರುತ್ತಿದೆಯೆಂದು ತಿಳಿದು ಅವಕ್ಕೆ ಸಿಲಿಕಾನ್ ಹಾಕಿ ಮುಚ್ಚಬಾರದು. ಅಲ್ಲಿಂದ ನೀರು ಬರುತ್ತಿದ್ದರೆ ಕೆಳಗಿನ ಪೈಪನ್ನು ನೋಡಬೇಕು.

ಮಳೆ ನಿಂತ ಮೇಲೂ ಗುರುತುಗಳು ಉಳಿಯುತ್ತವೆ. ಗೋಡೆಯ ಬುಡದಲ್ಲಿ ಕೆಸರು ಸಿಡಿದ ಪಟ್ಟಿ, ಸೂರಿನ ಕೆಳಗೆ ನೆಲದಲ್ಲಿ ಗೆರೆ ಕೊರೆದಂಥ ಕಾಲುವೆ, ಇಟ್ಟಿಗೆಯ ಮೇಲೆ ಉಪ್ಪು ಹೊಮ್ಮಿದಂಥ ಬಿಳಿ ಪುಡಿ ಅಥವಾ ಹಸಿರು ಪಾಚಿ. ದೋಣಿಯನ್ನು ಹೊತ್ತ ಹಲಗೆಯ ಬಣ್ಣ ಗುಳ್ಳೆ ಎದ್ದಿದ್ದರೆ ಹಿಂದಿನಿಂದ ನೀರು ಹೀರಿದೆ ಎಂದರ್ಥ. ಬಿಸಿಲು ಬಂದು ಎರಡು ದಿನವಾದರೂ ದೋಣಿಯಲ್ಲಿ ನೀರು ನಿಂತಿದ್ದರೆ ಇಳಿಜಾರು ತಪ್ಪಿದೆ. ಸೊಳ್ಳೆಗೂ ಅದೇ ಬೇಕು. ಹುಲ್ಲು, ಸಸಿ ತಲೆ ಎತ್ತಿದ್ದರಂತೂ ಒಳಗೆ ಆಗಲೇ ಮಣ್ಣಾಗಿದೆ. ಮನೆಯೊಳಗೆ, ಹೊರಗೋಡೆಗೆ ತಾಗಿದ ಸೀಲಿಂಗ್ ಅಂಚಿನಲ್ಲಿ ಚಹಾ ಚೆಲ್ಲಿದಂಥ ಕಲೆ ಕಂಡರೆ ಹಂಚು ಒಡೆದಿದೆ ಎಂದು ತೀರ್ಮಾನಿಸುವ ಮೊದಲು ಅದರ ನೇರ ಹೊರಗಿನ ದೋಣಿಯನ್ನು ನೋಡಿಸಿ. 1990ಕ್ಕಿಂತ ಹಿಂದಿನ ಮನೆಯಾದರೆ ಸೂರಿನ ಕೆಳಗಿನ ಹಲಗೆಯಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು. ಅದನ್ನು ಕೆರೆಯುವುದು, ಕೊರೆಯುವುದು ಬೇಡ.

ತುಕ್ಕಿನದು ಬೇರೆಯೇ ವಿಚಾರ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಹಳೆಯ ಮನೆಗಳ ದೋಣಿ ಸತುವಿನ ಲೇಪನದ ಜಿ.ಐ. ತಗಡು. ಈಗಿನ ಚಾವಣಿಗಳು ಝಿಂಕಾಲ್ಯೂಮ್ ಅಥವಾ ಬಣ್ಣ ಹಚ್ಚಿ ಬರುವ ಕಲರ್‌ಬಾಂಡ್. ಹಳೆಯ ಜಿ.ಐ. ಚಾವಣಿಯ ಮೇಲೆ ಹರಿದ ನೀರು ಒಂದಿಷ್ಟು ಸತುವನ್ನು ಹೊತ್ತು ಬರುತ್ತದೆ, ಕೆಳಗಿನ ಜಿ.ಐ. ದೋಣಿಯನ್ನು ಅಷ್ಟಾಗಿ ತಿನ್ನುವುದಿಲ್ಲ. ಅದೇ ಚಾವಣಿಗೆ ಹೊಸ ಬಣ್ಣದ ತಗಡು ಹೊದಿಸಿ ದೋಣಿಯನ್ನು ಮಾತ್ರ ಹಳೆಯದೇ ಬಿಟ್ಟರೆ, ಏನನ್ನೂ ಹೊತ್ತು ತಾರದ ಶುದ್ಧ ನೀರು ಹನಿ ಬಿದ್ದಲ್ಲೆಲ್ಲ ಸತುವನ್ನು ಕರಗಿಸುತ್ತಾ ಹೋಗುತ್ತದೆ. ಸೋಲಾರ್ ಫಲಕದ ಗಾಜಿನ ಮೇಲಿಂದ ಇಳಿವ ನೀರೂ ಹೀಗೆಯೇ. ಸಾವಿರಾರು ಡಾಲರ್ ಕೊಟ್ಟು ಚಾವಣಿ ಬದಲಿಸಿದವರ ದೋಣಿ ಕೆಲವೇ ವರ್ಷದಲ್ಲಿ ತೂತಾಗುವುದು ಇದೇ ಕಾರಣಕ್ಕೆ. ಝಿಂಕಾಲ್ಯೂಮ್ ಇದ್ದಲ್ಲಿ ತಾಮ್ರ, ಸೀಸ ತಾಗಲೇಬಾರದು. ಸೋಲಾರ್ ಕೂಡಿಸಿ ಹೋದವರು ತಗಡು ಕೊರೆದ ಉಕ್ಕಿನ ಪುಡಿಯನ್ನು ಗುಡಿಸದೆ ಹೋದರೆ ಅದು ದೋಣಿಯಲ್ಲಿ ಕೂತು ತುಕ್ಕು ಹಿಡಿಸುತ್ತದೆ. ಫಲಕದ ಕೆಳಗೆ ಪಾರಿವಾಳ ಗೂಡು ಕಟ್ಟಿದರೆ ಆ ಕಡ್ಡಿಕಸವೂ ಜಾರಿ ಬರುವುದು ದೋಣಿಗೇ.

ಎಲೆ, ಆಲಿಕಲ್ಲು, ಕಿಡಿ

ನೀಲಗಿರಿ ಜಾತಿಯ ಮರಗಳು ಇಲ್ಲಿ ವರ್ಷವಿಡೀ ಎಲೆ ಉದುರಿಸುತ್ತವೆ, ಬೇಸಗೆಯಲ್ಲಿ ಇನ್ನೂ ಹೆಚ್ಚು. ಬೀದಿ ಬದಿಯ ಪರದೇಶಿ ಮರಗಳು ಮಾರ್ಚ್‌ನಿಂದ ಮೇ ವರೆಗಿನ ಎಲೆ ಉದುರುವ ಕಾಲಕ್ಕೆ ಒಮ್ಮೆಲೇ ಬರಿದಾಗುತ್ತವೆ. ಆದ್ದರಿಂದ ವರ್ಷಕ್ಕೆ ಎರಡು ಸಲ: ಎಲೆ ಉದುರಿ ಮುಗಿದ ಮೇಲೆ ಜೂನ್‌ನಲ್ಲೊಮ್ಮೆ, ಬೆಂಕಿಯ ಕಾಲಕ್ಕೆ ಮೊದಲು ಅಕ್ಟೋಬರ್–ನವೆಂಬರ್‌ನಲ್ಲಿ ಇನ್ನೊಮ್ಮೆ. ಮರವೇ ಇಲ್ಲದ ಹೊಸ ಬಡಾವಣೆಗಳಲ್ಲಿ ಒಂದು ಸಲ ಸಾಕಾದೀತು. ಅಲ್ಲಿಯೂ ಕಾಂಕ್ರೀಟ್ ಹಂಚಿನಿಂದ ಉದುರಿದ ಮರಳು, ಪಕ್ಕದ ಸೈಟಿನ ಧೂಳು ದೋಣಿಯ ತಳದಲ್ಲಿ ಕೂರುತ್ತದೆ.

ಬೆಂಕಿಗೂ ಗಟರ್‌ಗೂ ಏನು ಸಂಬಂಧ ಎಂದರೆ, ಕಾಳ್ಗಿಚ್ಚಿನಲ್ಲಿ ಎಷ್ಟೋ ಮನೆಗಳು ಉರಿಯುವುದು ಜ್ವಾಲೆ ತಾಗಿ ಅಲ್ಲ, ಗಾಳಿಯಲ್ಲಿ ಹಾರಿ ಬಂದ ಕಿಡಿಗಳಿಂದ. ಒಣ ಎಲೆ ತುಂಬಿದ ದೋಣಿ ಆ ಕಿಡಿಗೆ ಹಾಸಿಟ್ಟ ಹಾಸಿಗೆ. ಅಲ್ಲಿ ಹೊತ್ತಿದ್ದು ಸೂರಿನ ಮರಕ್ಕೆ, ಅಲ್ಲಿಂದ ಅಟ್ಟಕ್ಕೆ. 2009ರ ಫೆಬ್ರುವರಿ 7ರ ‘ಕಪ್ಪು ಶನಿವಾರ’ದ ಬೆಂಕಿಯಲ್ಲಿ ವಿಕ್ಟೋರಿಯಾದಲ್ಲಿ 173 ಮಂದಿ ಸತ್ತರು. ಆಗಿನಿಂದ ಪ್ರತಿ ಬೇಸಗೆಗೆ ಮುನ್ನ ಮನೆ ಸಿದ್ಧ ಮಾಡುವ ಮಾತು ಬಂದಾಗಲೆಲ್ಲ ಗಟರ್ ಮೊದಲ ಸಾಲಿನಲ್ಲೇ ಬರುತ್ತದೆ. ಬೆಟ್ಟಗುಡ್ಡಗಳ ಅಂಚಿನಲ್ಲಿ, ಹುಲ್ಲುಗಾವಲಿಗೆ ತಾಗಿದ ಕೊನೆಯ ಬೀದಿಗಳಲ್ಲಿ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನು ಆಲಿಕಲ್ಲು. 2010ರ ಮಾರ್ಚ್ 6ರಂದು ಮೆಲ್ಬರ್ನ್ ಮೇಲೆ ಸುರಿದ ಆಲಿಕಲ್ಲಿಗೆ ನಗರದ ಸದರ್ನ್ ಕ್ರಾಸ್ ರೈಲು ನಿಲ್ದಾಣದ ಚಾವಣಿಯೇ ಹಾನಿಗೊಂಡಿತ್ತು. ಅಂಥ ದಿನ ಸ್ವಚ್ಛ ದೋಣಿಯೂ ಮಂಜಿನಿಂದ ತುಂಬಿ ನೀರು ಹಿಂದಕ್ಕೆ ಉಕ್ಕುತ್ತದೆ. ಅದು ಯಾರ ಕೈಯಲ್ಲೂ ಇಲ್ಲ. ಆದರೆ ವಿಮೆಯ ಲೆಕ್ಕದಲ್ಲಿ ಅಲ್ಲಿಯೇ ವ್ಯತ್ಯಾಸ ಬೀಳುವುದು. ಬಿರುಗಾಳಿ, ಆಲಿಕಲ್ಲಿನಿಂದ ಒಮ್ಮೆಲೇ ಆದ ಹಾನಿಗೆ ಮನೆಯ ವಿಮೆ ಸಾಮಾನ್ಯವಾಗಿ ಹಣ ಕೊಡುತ್ತದೆ; ತುಕ್ಕು, ಕೊಳೆತ, ಸವೆತ, ನಿರ್ವಹಣೆಯ ಕೊರತೆಗೆ ಕೊಡುವುದಿಲ್ಲ. ಪರಿಶೀಲನೆಗೆ ಬಂದವರು ದೋಣಿಯಲ್ಲಿ ಎರಡು ವರ್ಷದ ಗೊಬ್ಬರ ಕಂಡರೆ ಮಾತು ಎತ್ತ ಹೋಗುತ್ತದೆ ಎಂದು ಹೇಳಬೇಕಿಲ್ಲ. ಸ್ವಚ್ಛ ಮಾಡಿಸಿದಾಗಲೆಲ್ಲ ಮೊದಲಿನ ಮತ್ತು ನಂತರದ ಫೋಟೊ, ದಿನಾಂಕವಿರುವ ಬಿಲ್ ಎತ್ತಿಡಬೇಕು. ಹಣ ನಿರಾಕರಿಸಿದ್ದು ಅನ್ಯಾಯ ಎನಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು, ಆಮೇಲೆ ಆಸ್ಟ್ರೇಲಿಯನ್ ಫೈನಾನ್ಶಿಯಲ್ ಕಂಪ್ಲೇಂಟ್ಸ್ ಅಥಾರಿಟಿ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ.

ಅಪ್ಪಂದಿರಿಗೆ ಒಂದು ಮಾತು

ಊರಿಂದ ಆರು ತಿಂಗಳಿಗೆಂದು ಬಂದ ಅಪ್ಪಂದಿರಿಗೆ ಇಲ್ಲಿ ಹೊತ್ತು ಹೋಗುವುದಿಲ್ಲ. ಮಗ, ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ. ಗ್ಯಾರೇಜಿನಲ್ಲಿ ಏಣಿ ಇದೆ, ಸೂರು ಕೈಗೆಟುಕುವಷ್ಟೇ ಎತ್ತರ ಕಾಣುತ್ತದೆ. ಮುಂಗಾರಿಗೆ ಮುನ್ನ ಹಂಚಿನ ಮೇಲೆ ಓಡಾಡಿ ಕಸ ತೆಗೆದ, ತೆಂಗಿನ ಗರಿ ಎಳೆದ ಕೈಗಳು ಅವು. ‘ಮಗನಿಗೆ ಒಂದಿಷ್ಟು ದುಡ್ಡು ಉಳಿಯಲಿ’ ಎನ್ನುವ ಪ್ರೀತಿ ಬೇರೆ. ನಮ್ಮ ಬಳಗದ ಒಬ್ಬರ ತಂದೆಯವರು, ನಿವೃತ್ತ ಮೇಷ್ಟ್ರು, ಹೀಗೆಯೇ ಹತ್ತಿದರು. ಹಿಂದಿನ ದಿನದ ಮಳೆಗೆ ನೆನೆದಿದ್ದ ಹುಲ್ಲಿನಲ್ಲಿ ಏಣಿಯ ಒಂದು ಕಾಲು ಹೂತಿತು. ಬಿದ್ದದ್ದು ಎರಡೂವರೆ ಮೀಟರ್‌ನಿಂದ ಅಷ್ಟೇ. ಹಿಮ್ಮಡಿಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಊರಿಗೆ ಮರಳುವ ಟಿಕೆಟ್ ಮೂರು ತಿಂಗಳು ಮುಂದೆ ಹೋಯಿತು. ವಿಮೆ ಒಂದು ಪಾಲು ಕೊಟ್ಟಿತು, ಉಳಿದದ್ದು ಮಗನ ಕೈಯಿಂದ. ಗಟರ್ ಸ್ವಚ್ಛತೆಗೆ ಆಗುತ್ತಿದ್ದದ್ದು ಕೆಲವು ನೂರು ಡಾಲರ್.

ಇದು ತಿಳಿದಿರಲಿ: ಇಲ್ಲಿಯ ಸರ್ಕಾರಿ ಆರೋಗ್ಯ ವ್ಯವಸ್ಥೆ ಮೆಡಿಕೇರ್ ಪ್ರವಾಸಿ ವೀಸಾದಲ್ಲಿ ಬಂದ ಭಾರತೀಯರಿಗೆ ಅನ್ವಯಿಸುವುದಿಲ್ಲ. ಬ್ರಿಟನ್, ನ್ಯೂಜಿಲೆಂಡ್, ಇಟಲಿಯಂಥ ಕೆಲವು ದೇಶಗಳ ಜತೆ ಆಸ್ಟ್ರೇಲಿಯಾ ಪರಸ್ಪರ ಆರೋಗ್ಯ ಒಪ್ಪಂದ ಮಾಡಿಕೊಂಡಿದೆ. ಭಾರತದ ಜತೆ ಇಲ್ಲ. ಹಾಗಾಗಿ ತಂದೆ-ತಾಯಿಯರ ಚಿಕಿತ್ಸೆಗೆ ಅವರ ಹೆಸರಿನಲ್ಲಿ ತೆಗೆದ ಖಾಸಗಿ ವಿಮೆಯೇ ಗತಿ. ಅದರಲ್ಲಿ ವಯಸ್ಸಿನ ಮಿತಿ, ಹಳೆಯ ಕಾಯಿಲೆಯ ಮಿತಿ, ಮೊದಲು ಕೈಯಿಂದ ಕಟ್ಟಬೇಕಾದ ಮೊತ್ತ ಎಲ್ಲ ಇರುತ್ತವೆ. ಅಪ್ಪನವರ ಅನುಭವ ಬೇಕೇ ಬೇಕು. ಅದು ಕೊಡೆ ಹಿಡಿದು ನೆಲದ ಮೇಲೆ ಸುತ್ತುವಾಗ ಬೇಕು. ಎಲ್ಲಿ ತೊಟ್ಟಿಕ್ಕುತ್ತದೆ, ಯಾವ ಮೂಲೆ ಆರುವುದಿಲ್ಲ ಎಂದು ಹಗಲೆಲ್ಲ ಮನೆಯಲ್ಲಿರುವ ಅವರಷ್ಟು ಚೆನ್ನಾಗಿ ಮಗನಿಗೆ ತಿಳಿಯುವುದಿಲ್ಲ.

ಮಗನೇ ಹತ್ತುವುದಾದರೂ ಒಬ್ಬನೇ ಇರುವಾಗ ಬೇಡ. ಏಣಿಯನ್ನು ದೋಣಿಗೇ ಒರಗಿಸಿದರೆ ತಗಡು ನೆಗ್ಗುತ್ತದೆ, ಏಣಿಯೂ ಜಾರುತ್ತದೆ. ಗೋಡೆಗೆ ಊರುವ ಅಡ್ಡಪಟ್ಟಿ ಬೇರೆ ಸಿಗುತ್ತದೆ. ನಾಲ್ಕು ಮೀಟರ್ ಎತ್ತರಕ್ಕೆ ಏಣಿಯ ಬುಡ ಒಂದು ಮೀಟರ್ ಆಚೆ ಇರಬೇಕು. ಎರಡು ಮಹಡಿಯ ಮನೆಗೆ ಈ ಮಾತೇ ಬೇಡ, ಉದ್ದ ಕೊಳವೆಯ ವ್ಯಾಕ್ಯೂಮ್ ಮತ್ತು ಕ್ಯಾಮೆರಾ ತಂದು ನೆಲದ ಮೇಲೆ ನಿಂತೇ ತೆಗೆಯುವವರಿದ್ದಾರೆ. ಕರೆಸುವ ಮೊದಲು ಅವರಿಗೆ ಹೊಣೆಗಾರಿಕೆ ವಿಮೆ ಇದೆಯೇ ಎಂದು ಕೇಳಬೇಕು. ಎಲೆ ತೆಗೆಯಲು ಪರವಾನಗಿ ಬೇಡ. ಆದರೆ ದೋಣಿ, ಪೈಪ್ ಬದಲಿಸುವುದು ವಿಕ್ಟೋರಿಯಾದಲ್ಲಿ ಪ್ಲಂಬಿಂಗ್ ಕೆಲಸ, ಪರವಾನಗಿ ಇದ್ದವರೇ ಮಾಡಬೇಕು. 750 ಡಾಲರ್ ಮತ್ತು ಮೇಲ್ಪಟ್ಟ ಕೆಲಸಕ್ಕೆ ಅವರು ಕಂಪ್ಲಯನ್ಸ್ ಸರ್ಟಿಫಿಕೇಟ್ ಕೊಡಬೇಕು. ಮುಂದೆ ಮನೆ ಮಾರುವಾಗ ಆ ಕಾಗದ ನೆನಪಾಗುತ್ತದೆ.

ಮನೆ ಬಾಗಿಲಿಗೇ ಬಂದು ‘ಗಟರ್ ಗಾರ್ಡ್ ಹಾಕಿಸಿ, ಜನ್ಮದಲ್ಲಿ ಸ್ವಚ್ಛ ಮಾಡಬೇಕಿಲ್ಲ’ ಎನ್ನುವವರಿದ್ದಾರೆ. ಮರಗಳ ನಡುವಿನ ಮನೆಗೆ ಉಕ್ಕಿನ ಅಥವಾ ಅಲ್ಯುಮಿನಿಯಂ ಜಾಲರಿ ಉಪಯೋಗಕ್ಕೆ ಬರುತ್ತದೆ, ನಿಜ. ಸಣ್ಣ ಎಲೆ, ಧೂಳು ಮಾತ್ರ ಅದರೊಳಗೂ ಇಳಿಯುತ್ತವೆ. ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ತೆಗೆಸುವುದು ತಪ್ಪುವುದಿಲ್ಲ, ಆಗ ಖರ್ಚು ಜಾಸ್ತಿ. ಪ್ಲಾಸ್ಟಿಕ್ ಜಾಲರಿ ಬಿಸಿಲಿಗೆ ಪುಡಿಯಾಗುತ್ತದೆ, ಕಿಡಿಗೆ ಉರಿಯುತ್ತದೆ. ಹೀಗೆ ಕರೆಯದೆ ಬಾಗಿಲಿಗೆ ಬಂದು ಮಾರಿದವರ ಜತೆ ಮಾಡಿಕೊಂಡ ಒಪ್ಪಂದ 100 ಡಾಲರ್‌ಗಿಂತ ಹೆಚ್ಚಿನದಾದರೆ, ಕೆಲಸದ ದಿನಗಳ ಲೆಕ್ಕದಲ್ಲಿ 10 ದಿನದೊಳಗೆ ಕಾರಣ ಹೇಳದೆ ರದ್ದು ಮಾಡುವ ಹಕ್ಕು ಇಲ್ಲಿಯ ಗ್ರಾಹಕ ಕಾನೂನಿನಲ್ಲಿದೆ. ಮಗ-ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬಾಗಿಲು ತೆರೆಯುವ ಹಿರಿಯರು ಯಾವ ಕಾಗದಕ್ಕೂ ಸಹಿ ಹಾಕದಿರುವುದೇ ಲೇಸು.

ಬಾಡಿಗೆಗೆ ಕೊಡಲೆಂದು ಎರಡನೇ ಮನೆ ಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಿಗೆ ನಮ್ಮ ಕಸುಬಿನ ಒಂದೆರಡು ಮಾತು. ಬಾಡಿಗೆ ಮನೆಯ ಗಟರ್ ಸ್ವಚ್ಛತೆ, ಬಿರುಗಾಳಿಗೆ ಹಾಳಾದ ಒಂದು ಭಾಗವನ್ನು ಬದಲಿಸಿದ ಖರ್ಚು ಆಯಾ ವರ್ಷದ ಬಾಡಿಗೆ ಆದಾಯದಿಂದಲೇ ಕಳೆಯುತ್ತದೆ. ಇಲ್ಲಿ ಲೆಕ್ಕದ ವರ್ಷ ಜುಲೈನಿಂದ ಜೂನ್. ಜೂನ್‌ನಲ್ಲಿ ಸ್ವಚ್ಛ ಮಾಡಿಸುವುದಕ್ಕೆ ಇದೂ ಒಂದು ಕಾರಣ. ಆದರೆ ಕೊಳ್ಳುವಾಗಲೇ ಕೆಟ್ಟಿದ್ದ ದೋಣಿಯನ್ನು ಸರಿಪಡಿಸಿದರೆ ಅದು ಆ ವರ್ಷದ ದುರಸ್ತಿ ಖರ್ಚು ಎನಿಸುವುದಿಲ್ಲ, ಬಂಡವಾಳದ ಖರ್ಚು. ಸಾಮಾನ್ಯವಾಗಿ ವರ್ಷಕ್ಕೆ ಶೇ 2.5ರಂತೆ 40 ವರ್ಷ ಕಳೆಯಬೇಕು. ಕೊಳ್ಳುವ ಮುನ್ನ ಕಟ್ಟಡ ತಪಾಸಣೆ ಮಾಡಿಸಿ, ಕೆಟ್ಟ ದೋಣಿಯನ್ನು ಬೆಲೆ ಮಾತಾಡುವಾಗಲೇ ಎತ್ತಬೇಕು. ತಾವೇ ವಾಸಿಸುವ ಮನೆಗೆ ಈ ಯಾವ ಕಡಿತವೂ ಇಲ್ಲ.

ಬಾಡಿಗೆಗೆ ಇರುವ ಹೊಸಬರು ಗಟರ್ ಉಕ್ಕಿದ್ದನ್ನು ಕಂಡರೆ ಫೋಟೊ ತೆಗೆದು ಏಜೆಂಟರಿಗೆ ಇಮೇಲ್ ಹಾಕಬೇಕು, ಬಾಯಿಮಾತು ಸಾಲದು. ಚಾವಣಿ ಗಂಭೀರವಾಗಿ ಸೋರುತ್ತಿದ್ದರೆ ವಿಕ್ಟೋರಿಯಾದ ಬಾಡಿಗೆ ಕಾನೂನು ಅದನ್ನು ತುರ್ತು ದುರಸ್ತಿ ಎಂದೇ ಪರಿಗಣಿಸುತ್ತದೆ. ಗೋಡೆಗೆ ಗೋಡೆ ತಾಗಿದ ಟೌನ್‌ಹೌಸ್‌ಗಳಲ್ಲಿ ಎರಡು ಚಾವಣಿಗಳ ನಡುವೆ ಅಡಗಿದ ಪೆಟ್ಟಿಗೆ ದೋಣಿ ಇರುತ್ತದೆ. ಅದಕ್ಕೆ ಇಳಿಜಾರು 100ಕ್ಕೆ 1 ಬೇಕು. ಅದು ಉಕ್ಕಿದರೆ ನೀರಿಗೆ ಮನೆಯೊಳಗೆ ಬಿಟ್ಟು ಬೇರೆ ದಾರಿಯಿಲ್ಲ. ಅದರ ಹೊಣೆ ಮನೆಯವರದೋ, ಮಾಲೀಕರ ಸಂಘದ್ದೋ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಮಕ್ಕಳು ಕೆನಡಾದಲ್ಲೋ ಅಮೆರಿಕದ ಉತ್ತರದಲ್ಲೋ ಇದ್ದರೆ ಅಲ್ಲಿಯ ಚಿಂತೆ ಬೇರೆ. ಮನೆಯ ಬಿಸಿ ಚಾವಣಿಗೆ ಸೋರಿ ಹಿಮ ಕರಗುತ್ತದೆ, ಕರಗಿದ ನೀರು ತಣ್ಣಗಿರುವ ಸೂರಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಅಣೆಕಟ್ಟಾಗುತ್ತದೆ, ಹಿಂದೆ ನಿಂತ ನೀರು ಒಳಗಿಳಿಯುತ್ತದೆ. ಅಲ್ಲಿ ದೋಣಿಯ ಜತೆಗೆ ಅಟ್ಟದ ಶಾಖನಿರೋಧಕ ಹೊದಿಕೆಯನ್ನೂ ನೋಡಬೇಕು.

ಮೆಲ್ಬರ್ನ್‌ನಲ್ಲಿ ಬಿರುಗಾಳಿಗೆ ಚಾವಣಿ ಹಾರಿ ಅಥವಾ ದೋಣಿ ಕಿತ್ತು ಮನೆಯೊಳಗೆ ನೀರು ನುಗ್ಗಿದರೆ ಕರೆಯಬೇಕಾದದ್ದು ರಾಜ್ಯ ತುರ್ತು ಸೇವೆಯನ್ನು, ಸಂಖ್ಯೆ 132 500. ಜೀವಕ್ಕೇ ಅಪಾಯವಿದ್ದರೆ 000. ತುರ್ತು ಸೇವೆಯಲ್ಲಿ ಬರುವವರು ಬಹುತೇಕ ಸ್ವಯಂಸೇವಕರು, ಹಗಲು ಬೇರೆ ಉದ್ಯೋಗ ಮಾಡುವವರು. ಚಾವಣಿಗೆ ತಾಡಪತ್ರಿ ಹೊದಿಸಿ ಆ ರಾತ್ರಿ ಕಳೆಯುವಂತೆ ಮಾಡಿಕೊಡುತ್ತಾರೆ, ಹಣ ಕೇಳುವುದಿಲ್ಲ. ಎಲೆ ತೆಗೆಯಲು ಬರುವುದಿಲ್ಲ.